ಮೇಷ್ಟ್ರ ಸಂಬಳದ ಒಪ್ಪಂದ ಕೋರ್ಟಿನಲ್ಲಿ ಎಷ್ಟು ನಿಲ್ಲುತ್ತದೆ?

ಒಂದು ಭಾನುವಾರ ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಈಗ ದಾವಣಗೆರೆಯ ಒಂದು ಖಾಸಗಿ ಶಾಲೆಯಲ್ಲಿ ಗಣಿತದ ಟೀಚರ್. ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಅದರೊಳಗಿಂದ ನೂರು ರೂಪಾಯಿಯ ಬಾಂಡ್ ಪೇಪರ್ ತೆಗೆದು ಟೇಬಲ್ ಮೇಲೆ ಇಟ್ಟಳು. ಮಡಿಕೆ ಬಿದ್ದ ಕಡೆ ಹರಿಯಬಾರದು ಅಂತ ಹಿಂದೆ ಸೆಲ್ಲೋಟೇಪ್ ಅಂಟಿಸಿದ್ದಳು. ಕೆಳಗೆ ಎಡಗಡೆ ಆಡಳಿತ ಮಂಡಳಿಯ ಕಾರ್ಯದರ್ಶಿಯ ಸಹಿ, ನೇರಳೆ ಬಣ್ಣದ ಸೀಲು. ಬಲಗಡೆ ಆರು ಟೀಚರುಗಳ ಸಹಿ.

"ಸರ್, ಇದಕ್ಕೆ ಏನಾದ್ರೂ ಬೆಲೆ ಇದೆಯಾ?" ಅಂತ ಕೇಳಿದಳು.

2022ರ ಜೂನ್‌ನಲ್ಲಿ ಆದ ಒಪ್ಪಂದ ಅದು. ಕೋವಿಡ್ ಕಾಲದಲ್ಲಿ ಅರ್ಧ ಸಂಬಳಕ್ಕೆ ದುಡಿದ ಟೀಚರುಗಳು ಒಟ್ಟಾಗಿ ಕೂತು ಮಾತಾಡಿ ಮಾಡಿಸಿಕೊಂಡಿದ್ದು. ಮೂರು ವರ್ಷದ ಮಟ್ಟಿಗೆ, ಪ್ರತಿ ಜೂನ್‌ನಲ್ಲಿ ತಿಂಗಳ ಸಂಬಳ 2,000 ರೂಪಾಯಿ ಏರಬೇಕು. ಮೊದಲ ವರ್ಷದ ಏರಿಕೆ ಬಂತು. ಎರಡನೆಯದೂ ಬರಲಿಲ್ಲ, ಮೂರನೆಯದೂ ಬರಲಿಲ್ಲ. ಎರಡನೇ ವರ್ಷಕ್ಕೆ 24,000, ಮೂರನೇ ವರ್ಷಕ್ಕೆ 48,000, ಒಟ್ಟು ಒಬ್ಬರಿಗೆ 72,000 ರೂಪಾಯಿ ಬಾಕಿ. ಶಾಲೆಯಲ್ಲಿ 34 ಜನ ಟೀಚರುಗಳು. ಅಂದರೆ 24,48,000 ರೂಪಾಯಿ.

ಫೈಲಿನಲ್ಲಿ ಇನ್ನೊಂದು ಹಾಳೆಯೂ ಇತ್ತು. 2024ರ ಆಗಸ್ಟ್‌ನಲ್ಲಿ ಸ್ಟಾಫ್ ರೂಮಿಗೆ ಕಳಿಸಿದ ಸುತ್ತೋಲೆ. "ಅದು ಬಿಡಿ ಸರ್, ಸುಮ್ನೆ ಸಮಾಧಾನಕ್ಕೆ ಕೊಟ್ಟಿದ್ದು" ಅಂತ ಅದನ್ನು ಪಕ್ಕಕ್ಕೆ ಸರಿಸಿದಳು.

ನಾನು ವಕೀಲನಲ್ಲ. ಅನುದಾನಿತ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದವನು. ಸಂಘದ ಕಾಗದಪತ್ರ ನೋಡಿಕೊಳ್ಳುತ್ತಾ, ವಕೀಲರ ಆಫೀಸಿಗೆ ಓಡಾಡುತ್ತಾ ಇಷ್ಟು ವರ್ಷದಲ್ಲಿ ಅರ್ಥವಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವಳ ಪ್ರಶ್ನೆಗೆ ಒಂದು ಸಾಲಿನ ಉತ್ತರ ಇಲ್ಲ. ಆ ಕಾಗದಕ್ಕೆ ಬೆಲೆ ಇದೆ. ಆದರೆ ನಮ್ಮಪ್ಪನ ಕಾಗದಕ್ಕೆ ಇದ್ದಷ್ಟು ಇಲ್ಲ.

ಅಪ್ಪ ಇಲ್ಲಿನ ಹತ್ತಿ ಮಿಲ್ಲೊಂದರಲ್ಲಿ ಕೆಲಸ ಮಾಡುತ್ತಿದ್ದರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ. 1978, 1983, 1985ರಲ್ಲಿ ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು ಶಾಸಕರಾಗಿ ಆರಿಸಿ ಕಳಿಸಿದ ಊರು ಇದು. ಯೂನಿಯನ್ ಅನ್ನೋದು ಮನೆಮನೆಯ ಮಾತಾಗಿತ್ತು. ಅಪ್ಪನ ಟ್ರಂಕಿನಲ್ಲಿ ಒಂದು ಸಂಬಳದ ಒಪ್ಪಂದದ ಪ್ರತಿ ಇತ್ತು. ಟೈಪ್ ಮಾಡಿದ ಎರಡೇ ಹಾಳೆ. ಮೇಲೆ "ಕಲಂ 12(3)ರ ಅಡಿಯಲ್ಲಿ" ಅಂತ ಬರೆದಿತ್ತು. ಆ ಒಂದು ಸಾಲಿನಲ್ಲೇ ಎಲ್ಲ ಶಕ್ತಿ ಇತ್ತು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

1947ರ ಕೈಗಾರಿಕಾ ವಿವಾದ ಕಾಯ್ದೆಯ ಕಲಂ ಅದು. ಕಾರ್ಮಿಕ ಇಲಾಖೆಯ ಅಧಿಕಾರಿಯ ಎದುರು ರಾಜಿ ಸಂಧಾನದಲ್ಲಿ ಸಹಿಯಾದ ಒಪ್ಪಂದ ಸಹಿ ಹಾಕಿದವರಿಗೆ ಮಾತ್ರ ಸೇರಿದ್ದಲ್ಲ. ಆ ಮಿಲ್ಲಿನ ಎಲ್ಲ ಕೆಲಸಗಾರರಿಗೂ ಅನ್ವಯಿಸುತ್ತಿತ್ತು. ಯೂನಿಯನ್ ಸದಸ್ಯ ಅಲ್ಲದವನಿಗೂ, ನಾಳೆ ಹೊಸದಾಗಿ ಸೇರುವವನಿಗೂ. ಅವಧಿ ಮುಗಿದರೂ ಯಾರಾದರೊಬ್ಬರು ಎರಡು ತಿಂಗಳ ನೋಟಿಸ್ ಕೊಡುವವರೆಗೆ ಮುಂದುವರಿಯುತ್ತಿತ್ತು. ಮುರಿದರೆ ಆರು ತಿಂಗಳವರೆಗೆ ಜೈಲು ಶಿಕ್ಷೆಗೂ ಅವಕಾಶ ಇತ್ತು. ಬಾಕಿ ಹಣ ಬರದಿದ್ದರೆ ಕಾರ್ಮಿಕ ನ್ಯಾಯಾಲಯದಲ್ಲಿ ಲೆಕ್ಕ ಹಾಕಿಸಿ ವಸೂಲಿ ಮಾಡಿಸಬಹುದಿತ್ತು.

ಈ ದಾರಿ ಟೀಚರುಗಳಿಗೆ ಯಾಕಿಲ್ಲ?

ಇದಕ್ಕೆ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟು ಓದಬೇಕು. ಮೊದಲನೆಯದು ನಮ್ಮ ರಾಜ್ಯದ್ದೇ, 1978ರ ಬೆಂಗಳೂರು ಜಲಮಂಡಳಿ ಪ್ರಕರಣ. ಏಳು ನ್ಯಾಯಮೂರ್ತಿಗಳ ಪೀಠ "ಕೈಗಾರಿಕೆ" ಅನ್ನೋ ಪದದ ಅರ್ಥವನ್ನು ಅಗಲ ಮಾಡಿತು. ಶಿಕ್ಷಣ ಸಂಸ್ಥೆಯೂ ಅದರೊಳಗೆ ಬಂತು. ಹಾಗಾದರೆ ಮೇಷ್ಟ್ರೂ ಬಂದ ಹಾಗೇ ಆಯ್ತು ಅಲ್ವಾ ಅಂತ ಅನಿಸುತ್ತದೆ. ಹಾಗಾಗಲಿಲ್ಲ. ಹತ್ತು ವರ್ಷದ ಮೇಲೆ, 1988ರಲ್ಲಿ, ಗೋವಾದ ಒಬ್ಬ ಶಿಕ್ಷಕಿಯ ಪ್ರಕರಣ ಬಂತು. ವಕೀಲರು ಈಗಲೂ ಸುಂದರಾಂಬಾಳ್ ಪ್ರಕರಣ ಅಂತಲೇ ಹೇಳುತ್ತಾರೆ. ಶಾಲೆ ಕೈಗಾರಿಕೆ ಇರಬಹುದು, ಆದರೆ ಅದರೊಳಗಿನ ಎಲ್ಲರೂ "ಕೆಲಸಗಾರ"ರಲ್ಲ ಅಂದಿತು ಕೋರ್ಟು. ಕಾಯ್ದೆಯ ಪ್ರಕಾರ ಕೆಲಸಗಾರ ಅಂದರೆ ದೈಹಿಕ, ಕುಶಲ, ತಾಂತ್ರಿಕ, ಗುಮಾಸ್ತಿಕೆ ಇಂಥ ಕೆಲಸ ಮಾಡುವವನು. ಪಾಠ ಹೇಳುವುದು ಇದ್ಯಾವುದೂ ಅಲ್ಲ, ಅದು ಒಂದು ಉದಾತ್ತ ವೃತ್ತಿ ಅನ್ನೋದು ತೀರ್ಪಿನ ಸಾರ.

ಮರ್ಯಾದೆಯ ಮಾತು ಅದು. ಆದರೆ ಅದರ ಪರಿಣಾಮ ನೋಡಿ. ಅದೇ ಶಾಲೆಯ ಬಸ್ ಡ್ರೈವರ್ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬಹುದಿತ್ತು. ಕ್ಲರ್ಕ್ ಹೋಗಬಹುದಿತ್ತು. ಅಟೆಂಡರ್ ಹೋಗಬಹುದಿತ್ತು. ಗಣಿತದ ಟೀಚರ್ ಹೋಗುವ ಹಾಗಿರಲಿಲ್ಲ. 1996ರಲ್ಲಿ ಹರಿಯಾಣದ ಖಾಸಗಿ ಶಾಲೆಗಳ ಪ್ರಕರಣದಲ್ಲಿ ಕನಿಷ್ಠ ವೇತನ ಕಾಯ್ದೆಯೂ ಟೀಚರುಗಳಿಗೆ ಅನ್ವಯಿಸುವುದಿಲ್ಲ ಅಂತ ಆಯಿತು. 2004ರಲ್ಲಿ ಅಹಮದಾಬಾದಿನ ಪ್ರಾಥಮಿಕ ಶಾಲಾ ಶಿಕ್ಷಕರ ಸಂಘ ಗ್ರ್ಯಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷ ಲೆಕ್ಕ ಹಾಕಿ ಕೊಡುವ ಇಡಿಗಂಟು, ಕೇಳಿದಾಗಲೂ ಇದೇ ಉತ್ತರ ಬಂತು.

ಗ್ರ್ಯಾಚ್ಯುಟಿಯ ಕಥೆ ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. 2009ರಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದು ಟೀಚರುಗಳನ್ನು ಒಳಗೆ ಸೇರಿಸಿತು. ಅದೂ 1997ರ ಏಪ್ರಿಲ್ 3ರಿಂದ ಪೂರ್ವಾನ್ವಯವಾಗಿ. ಖಾಸಗಿ ಶಾಲೆಗಳು ಇದನ್ನು ಪ್ರಶ್ನಿಸಿದವು. 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ತಿದ್ದುಪಡಿಯನ್ನು ಎತ್ತಿಹಿಡಿಯಿತು. ಐದು ವರ್ಷ ಸೇವೆ ಮುಗಿಸಿ ಕೆಲಸ ಬಿಟ್ಟ ಎಷ್ಟೋ ಟೀಚರುಗಳಿಗೆ ಈ ಹಣ ತಮ್ಮದು ಅಂತಲೇ ಗೊತ್ತಿಲ್ಲ. ಕೊಡುವವರು ತಾವಾಗಿಯೇ ಹೇಳುವುದು ಅಪರೂಪ. ಆದ್ದರಿಂದ ಇಲ್ಲಿ ಒತ್ತಿ ಹೇಳುತ್ತಿದ್ದೇನೆ: ಕೇಳಿ ಪಡೆಯಿರಿ.

2025ರ ನವೆಂಬರ್ 21ರಿಂದ ಹಳೆಯ ಕಾರ್ಮಿಕ ಕಾಯ್ದೆಗಳ ಜಾಗಕ್ಕೆ ನಾಲ್ಕು ಸಂಹಿತೆಗಳು ಬಂದಿವೆ. ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ "ಕೆಲಸಗಾರ" ಯಾರು ಅನ್ನೋ ವ್ಯಾಖ್ಯಾನದ ಮಾತುಗಳು ಬಹುಪಾಲು ಹಳೆಯವೇ. ಪತ್ರಕರ್ತರನ್ನು ಹೆಸರು ಹೇಳಿ ಸೇರಿಸಿದ್ದಾರೆ. ಔಷಧಿ ಕಂಪನಿಗಳ ರೆಪ್‌ಗಳಂಥ ಮಾರಾಟ ಪ್ರಚಾರದ ನೌಕರರನ್ನು ಸೇರಿಸಿದ್ದಾರೆ. ಶಿಕ್ಷಕ ಅನ್ನೋ ಪದ ಅಲ್ಲಿಲ್ಲ. ಗ್ರ್ಯಾಚ್ಯುಟಿಗೆ ಮಾಡಿದ ಕೆಲಸವನ್ನು ಇಲ್ಲೂ ಒಂದು ಪದ ಸೇರಿಸಿ ಮಾಡಬಹುದಿತ್ತು. ಮಾಡಿಲ್ಲ. ಇದು ನನಗೆ ಬಹಳ ಬೇಸರದ ವಿಷಯ.

ಹಾಗಾದರೆ ಟೇಬಲ್ ಮೇಲಿದ್ದ ಆ ಬಾಂಡ್ ಪೇಪರ್ ಏನು? ಅದು 1872ರ ಕರಾರು ಕಾಯ್ದೆಯ ಕೆಳಗೆ ಬರುವ ಒಂದು ಸಾಮಾನ್ಯ ಕರಾರು. ಮನೆ ಬಾಡಿಗೆ ಕರಾರು ಇದ್ದ ಹಾಗೆ. ಮುರಿದರೆ ಸಿವಿಲ್ ಕೋರ್ಟಿನಲ್ಲಿ ಹಣದ ದಾವೆ ಹೂಡಬಹುದು. ಕಾರ್ಮಿಕ ಇಲಾಖೆ ಬರುವುದಿಲ್ಲ, ಶಿಕ್ಷೆ ಇಲ್ಲ, ಸಹಿ ಹಾಕದವರಿಗೆ ತಾನಾಗಿಯೇ ಅನ್ವಯಿಸುವುದಿಲ್ಲ.

ಈ ಕೊನೆಯ ಮಾತು ಬಹಳ ಜನರನ್ನು ಮುಗ್ಗರಿಸುತ್ತದೆ. 34 ಜನರಲ್ಲಿ ಸಹಿ ಹಾಕಿದ್ದು ಆರೇ ಜನ. ಉಳಿದ 28 ಜನರ ಪರವಾಗಿ ಇವರು ಸಹಿ ಹಾಕಿದ್ದಾರೆ ಅನ್ನೋದಕ್ಕೆ ಏನು ಆಧಾರ? ನಾನು ಮೊದಲು ಕೇಳಿದ್ದು ಇದನ್ನೇ. "ಎಲ್ಲರೂ ಸೇರಿ ಸಭೆ ಮಾಡಿದ್ವಿ ಸರ್" ಅಂದಳು. ಸಭೆಯ ನಡಾವಳಿ ಬರೆದಿದ್ದೀರಾ ಅಂದೆ. ಅವಳಿಗೆ ನೆನಪಾಗಲಿಲ್ಲ. ಆಮೇಲೆ ಫೋನ್ ಮಾಡಿ ವಿಚಾರಿಸಿದಾಗ ಹಿಂದಿ ಟೀಚರ್ ಹತ್ತಿರ ಒಂದು ನೋಟ್‌ಬುಕ್ ಸಿಕ್ಕಿತು. ಅದರಲ್ಲಿ ದಿನಾಂಕ, ಆರು ಜನರನ್ನು ಮಾತುಕತೆಗೆ ಆರಿಸಿದ ಒಂದು ಸಾಲು, ಕೆಳಗೆ 31 ಜನರ ಸಹಿ. ಆ ಒಂದು ಪುಟ ಇಲ್ಲದಿದ್ದರೆ ಕೆಲಸ ಬಹಳ ಕಷ್ಟವಾಗುತ್ತಿತ್ತು. ಇವರ ಸಂಘ ನೋಂದಣಿಯಾಗಿಲ್ಲ, ಹಾಗಾಗಿ ಸಂಘದ ಹೆಸರಿನಲ್ಲಿ ದಾವೆ ಹೂಡಲು ಬರುವುದಿಲ್ಲ. ಆದರೆ ಒಂದೇ ಹಿತಾಸಕ್ತಿ ಇರುವ ಹಲವರ ಪರವಾಗಿ ಕೆಲವರು ಕೋರ್ಟಿನ ಅನುಮತಿ ಪಡೆದು ದಾವೆ ನಡೆಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಅವಕಾಶ ಇದೆ.

ಇನ್ನು ಒಪ್ಪಂದದ ಭಾಷೆ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ಜಗಳ ಹುಟ್ಟುವುದೇ ಇಲ್ಲಿ. ನಮ್ಮ ಕನ್ನಡದಲ್ಲಿ ಕ್ರಿಯಾಪದ ಸಾಲಿನ ಕೊನೆಗೆ ಬರುತ್ತದೆ. ಓದುವವರು ಮೊತ್ತ ನೋಡಿ ಖುಷಿಪಟ್ಟು ಸಾಲಿನ ಕೊನೆಯನ್ನು ಸರಿಯಾಗಿ ನೋಡುವುದಿಲ್ಲ. "2,000 ರೂ. ಹೆಚ್ಚಳ ನೀಡತಕ್ಕದ್ದು" ಅಂದರೆ ಕೊಡಲೇಬೇಕು. "ನೀಡಲಾಗುವುದು" ಅಂದರೂ ಅದು ಮಾತು ಕೊಟ್ಟ ಹಾಗೆಯೇ. "ನೀಡಲು ಕ್ರಮ ವಹಿಸಲಾಗುವುದು" ಅಂದರೆ ಪ್ರಯತ್ನ ಮಾಡುತ್ತೇವೆ ಅಂತ ಅಷ್ಟೇ. "ನೀಡುವ ಬಗ್ಗೆ ಪರಿಶೀಲಿಸಲಾಗುವುದು" ಅಂದರೆ ಅದು ಒಪ್ಪಂದವೇ ಅಲ್ಲ, ನೋಡೋಣ ಅಂದ ಹಾಗೆ. ಇವಳ ಕಾಗದದಲ್ಲಿ ಮೊದಲ ವರ್ಷಕ್ಕೆ "ನೀಡತಕ್ಕದ್ದು" ಅಂತ ಇತ್ತು. ಎರಡು ಮತ್ತು ಮೂರನೇ ವರ್ಷಕ್ಕೆ "ಸಂಸ್ಥೆಯ ಆರ್ಥಿಕ ಸ್ಥಿತಿಯನ್ನು ಅನುಸರಿಸಿ ನೀಡಲಾಗುವುದು" ಅಂತ ಇತ್ತು.

ಹಣ ನಿಂತಿದ್ದು ಸರಿಯಾಗಿ ಎರಡನೇ ವರ್ಷದಿಂದ. "ನಮ್ಮ ಆರ್ಥಿಕ ಸ್ಥಿತಿ ಸರಿ ಇಲ್ಲ, ಆದ್ದರಿಂದ ಕೊಡಬೇಕಾಗಿಲ್ಲ" ಅಂತ ಮ್ಯಾನೇಜ್‌ಮೆಂಟ್ ವಾದ ಮಾಡುತ್ತದೆ. ಟೀಚರುಗಳ ಪರ ವಕೀಲರು ಅದೇ ಮಾತನ್ನು ಹಿಡಿದು ತಿರುಗಿ ಕೇಳಬಹುದು: ಹಾಗಾದರೆ ನಿಮ್ಮ ಆಡಿಟ್ ವರದಿ ತೋರಿಸಿ. ಅದೇ ವರ್ಷ ಫೀಸು ಏರಿಸಿದ್ದೀರಾ? ಹೊಸ ಕಟ್ಟಡ ಕಟ್ಟಿಸಿದ್ದೀರಾ? ಆರ್ಥಿಕ ಸ್ಥಿತಿಯನ್ನು ಷರತ್ತು ಮಾಡಿಕೊಂಡವರು ಅದನ್ನು ದಾಖಲೆ ಸಮೇತ ತೋರಿಸಬೇಕು. ಹಾಗಾಗಿ ಆ ಸಾಲು ಟೀಚರುಗಳಿಗೆ ಪೂರ್ತಿ ವಿರುದ್ಧ ಅಂತ ಅಲ್ಲ. ಆದರೆ ಸಹಿ ಹಾಕುವ ದಿನವೇ "ಆರ್ಥಿಕ ಸ್ಥಿತಿ ಅಂದರೇನು, ಯಾರು ತೀರ್ಮಾನಿಸುತ್ತಾರೆ" ಅಂತ ಬರೆಸಿಕೊಂಡಿದ್ದರೆ ಇಷ್ಟು ಕಷ್ಟ ಇರುತ್ತಿರಲಿಲ್ಲ.

ಸಾಕ್ಷ್ಯದ ವಿಷಯದಲ್ಲಿ ಇನ್ನೊಂದು ನೋವಿನ ಸಂಗತಿ ಇದೆ. ಕೆಲವು ಕಡೆ ಬ್ಯಾಂಕಿಗೆ ಪೂರ್ತಿ ಸಂಬಳ ಹಾಕಿ, ಒಂದಷ್ಟು ಹಣವನ್ನು ನಗದಾಗಿ ವಾಪಸ್ ತೆಗೆದುಕೊಳ್ಳುತ್ತಾರೆ. ಪಾಸ್‌ಬುಕ್ ನೋಡಿದರೆ ಬಾಕಿಯೇ ಇಲ್ಲ. ಕೋರ್ಟು ನಂಬುವುದು ಪಾಸ್‌ಬುಕ್ಕನ್ನು. ಹಾಗೆ ಹಣ ವಾಪಸ್ ಕೊಡುತ್ತಿರುವವರು ಕೊನೇಪಕ್ಷ ಕೊಟ್ಟ ದಿನ, ಮೊತ್ತ, ಪಡೆದವರ ಹೆಸರನ್ನು ಅಂದಂದೇ ಬರೆದಿಡಿ. ಹಣ ಡ್ರಾ ಮಾಡಿದ ಎಟಿಎಂ ಚೀಟಿ ಇಟ್ಟುಕೊಳ್ಳಿ. ಪ್ರತಿ ತಿಂಗಳು ಅದೇ ದಿನ ಅದೇ ಮೊತ್ತ ಡ್ರಾ ಆಗಿದ್ದರೆ ಅದೂ ಒಂದು ಸಾಕ್ಷ್ಯ.

"ಕೇಸು ಹಾಕಿದರೆ ಕೆಲಸದಿಂದ ತೆಗೀತಾರೆ ಸರ್." ಅವಳು ಇದನ್ನು ಮೂರು ಸಲ ಹೇಳಿದಳು. ಆ ಭಯ ಸುಳ್ಳಲ್ಲ. ಸೇವೆಯ ಕರಾರನ್ನು ಬಲವಂತವಾಗಿ ಮುಂದುವರಿಸಿ ಅಂತ ಸಿವಿಲ್ ಕೋರ್ಟು ಸಾಮಾನ್ಯವಾಗಿ ಹೇಳುವುದಿಲ್ಲ, ಹಣ ಕೊಡಿಸುತ್ತದೆ ಅಷ್ಟೇ. ಆದರೆ ರಾಜ್ಯ ಪಠ್ಯಕ್ರಮದ ಖಾಸಗಿ ಶಾಲೆಗಳ ಟೀಚರುಗಳಿಗೆ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲಿ ಒಂದು ಬೇರೆ ರಕ್ಷಣೆ ಇದೆ. ಕಲಂ 92ರ ಪ್ರಕಾರ ವಿಚಾರಣೆ ನಡೆಸದೆ ಕೆಲಸದಿಂದ ವಜಾ ಮಾಡುವಂತಿಲ್ಲ. ಮಾಡಿದರೆ ಕಲಂ 94ರ ಅಡಿ ಆದೇಶ ಕೈಗೆ ಸಿಕ್ಕ ಮೂರು ತಿಂಗಳೊಳಗೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಅಲ್ಲಿ ಕೂರುವವರು ಜಿಲ್ಲಾ ನ್ಯಾಯಾಧೀಶರು. ಅಂದರೆ ನಮ್ಮೂರಿನ ಕೋರ್ಟಿನಲ್ಲೇ ಕೆಲಸ ಆಗುತ್ತದೆ. ಮೂರು ತಿಂಗಳು ಅನ್ನೋದನ್ನು ಮಾತ್ರ ಗಟ್ಟಿಯಾಗಿ ನೆನಪಿಡಬೇಕು. "ಮಾತಾಡಿ ಸರಿ ಮಾಡೋಣ" ಅಂತ ಕಾಯಿಸಿಯೇ ಮೂರು ತಿಂಗಳು ಕಳೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನೇರವಾಗಿ ಹೈಕೋರ್ಟಿಗೆ ರಿಟ್, ಅಂದರೆ ಸರ್ಕಾರಕ್ಕೋ ಸಾರ್ವಜನಿಕ ಕೆಲಸ ಮಾಡುವ ಸಂಸ್ಥೆಗೋ ಆದೇಶ ಕೊಡಿ ಅಂತ ಕೇಳುವ ಅರ್ಜಿ, ಹಾಕಿದರೆ ಆಗುವುದಿಲ್ಲವೇ ಅಂತ ಬಹಳ ಜನ ಕೇಳುತ್ತಾರೆ. ಅನುದಾನರಹಿತ ಶಾಲೆಯ ವಿರುದ್ಧ ಅದು ಕಷ್ಟ. ಶಿಕ್ಷಣ ಕೊಡುವುದು ಸಾರ್ವಜನಿಕ ಕೆಲಸವಾದರೂ ನೌಕರನ ಜೊತೆಗಿನ ಕರಾರಿನ ಜಗಳ ಖಾಸಗಿ ವಿಷಯ ಅಂತ 2022ರ ಸೇಂಟ್ ಮೇರೀಸ್ ಎಜುಕೇಶನ್ ಸೊಸೈಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಜೊತೆಗೆ ದೂರವೂ ಒಂದು ಸಮಸ್ಯೆ. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳು ಹೈಕೋರ್ಟಿನ ಬೆಂಗಳೂರು ಪೀಠಕ್ಕೆ ಸೇರಿವೆ. ನಮಗೆ ಧಾರವಾಡ ಹತ್ತಿರ, ಆದರೂ ವಾಯಿದೆಗೆ ಹೋಗಬೇಕಾಗಿದ್ದು ಬೆಂಗಳೂರಿಗೆ.

ಸರ್ಕಾರಿ ಶಾಲೆಯ ಮೇಷ್ಟ್ರುಗಳ ವಿಷಯ ಬೇರೆ. ಅವರಿಗೆ ಒಪ್ಪಂದವೇ ಇಲ್ಲ, ಆದೇಶ ಇದೆ. ಸರ್ಕಾರಿ ನೌಕರಿ ಕರಾರಿನಿಂದ ಶುರುವಾದರೂ ಸೇರಿದ ಮೇಲೆ ಅದು ನಿಯಮಗಳಿಂದ ನಡೆಯುವ ಸ್ಥಾನ ಅಂತ 1967ರಲ್ಲೇ ರೋಶನ್ ಲಾಲ್ ಟಂಡನ್ ಪ್ರಕರಣದಲ್ಲಿ ತೀರ್ಮಾನವಾಗಿದೆ. ಹಾಗಂತ ಚೌಕಾಸಿ ನಡೆಯುವುದಿಲ್ಲ ಅಂತಲ್ಲ. 2023ರ ಮಾರ್ಚ್ 1ರಂದು ರಾಜ್ಯದ ನೌಕರರು ಕೆಲಸಕ್ಕೆ ಹೋಗದೆ ಮುಷ್ಕರ ಹೂಡಿದರು. ಅವತ್ತೇ ಮೂಲ ವೇತನದ ಶೇ. 17ರಷ್ಟು ಮಧ್ಯಂತರ ಪರಿಹಾರದ ಆದೇಶ ಬಂತು. ಆಮೇಲೆ ಸುಧಾಕರ್ ರಾವ್ ಅಧ್ಯಕ್ಷತೆಯ 7ನೇ ವೇತನ ಆಯೋಗ ವರದಿ ಕೊಟ್ಟು, ಕನಿಷ್ಠ ಮೂಲ ವೇತನ 17,000ದಿಂದ 27,000ಕ್ಕೆ ಏರಿತು. ಹೊಸ ವೇತನದ ಲೆಕ್ಕ 2022ರ ಜುಲೈ 1ರಿಂದ, ಆದರೆ ಹಣ ಕೈಗೆ ಸಿಗುವುದು 2024ರ ಆಗಸ್ಟ್ 1ರಿಂದ. ಈ ಎರಡು ದಿನಾಂಕಗಳ ನಡುವೆ ನಿವೃತ್ತರಾದವರ ಪಾಡು ಕೇಳಿ. ಗ್ರ್ಯಾಚ್ಯುಟಿ, ರಜೆ ನಗದೀಕರಣ ಹಳೆಯ ಸಂಬಳದ ಮೇಲೆ. ಒಂದೇ ದಿನ ಸೇರಿ, ಒಂದೇ ಸ್ಟಾಫ್ ರೂಮಿನಲ್ಲಿ ಕೂತವರ ನಡುವೆ ಲಕ್ಷಗಟ್ಟಲೆ ವ್ಯತ್ಯಾಸ. ಅವರ ಹೋರಾಟ ಅದಕ್ಕೇ. ಇಂಥ ವಿವಾದಗಳಿಗೆ ಸೇವೆಯಲ್ಲಿರುವವರೂ ನಿವೃತ್ತರೂ ಮೊದಲು ಹೋಗಬೇಕಾದದ್ದು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ, ಜನ ಕೆಎಟಿ ಅನ್ನುವುದು ಅದಕ್ಕೇ.

ನನ್ನ ಹಾಗೆ ಅನುದಾನಿತ ಶಾಲೆಯಲ್ಲಿದ್ದವರು ಎರಡರ ನಡುವೆ. ಸಂಬಳ ಸರ್ಕಾರದ್ದು, ನೇಮಕ ಆಡಳಿತ ಮಂಡಳಿಯದ್ದು. ಇಲ್ಲಿನ ದೊಡ್ಡ ಜಗಳ ಕಾಲ್ಪನಿಕ ವೇತನದ್ದು. ಶಾಲೆ ಅನುದಾನಕ್ಕೆ ಒಳಪಡುವ ಮುಂಚೆ ಏಳೆಂಟು ವರ್ಷ ಬಿಡಿಗಾಸಿಗೆ ದುಡಿದಿರುತ್ತೇವೆ. ಆ ಸೇವೆಯನ್ನು ಸಂಬಳಕ್ಕೆ, ಪಿಂಚಣಿಗೆ ಎಣಿಸಬೇಕಲ್ಲವೇ ಅನ್ನೋದು ಪ್ರಶ್ನೆ. ಎಣಿಸುವುದಿಲ್ಲ ಅನ್ನುವ ಹಾಗೆ 2014ರಲ್ಲಿ ರಾಜ್ಯ ಒಂದು ಕಾಯ್ದೆಯನ್ನೇ ಮಾಡಿತು. 2006ರ ಏಪ್ರಿಲ್ 1ರ ನಂತರ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲ ಅನ್ನೋ ನಿಯಮವೂ ಸೇರಿಕೊಂಡು, ಮೊದಲೇ ಕೆಲಸಕ್ಕೆ ಸೇರಿ ಆಮೇಲೆ ಅನುದಾನ ಪಡೆದವರು ನಡುನೀರಿನಲ್ಲಿ ನಿಂತರು.

ಇದರ ಜೊತೆಗೆ ವಸೂಲಿಯ ಕಾಟ. ಇಲಾಖೆಯೇ ತಪ್ಪಾಗಿ ಜಾಸ್ತಿ ಇನ್‌ಕ್ರಿಮೆಂಟ್ ಕೊಟ್ಟು, ನಿವೃತ್ತಿಯ ಹೊತ್ತಿಗೆ ವಾಪಸ್ ಕೇಳುತ್ತದೆ. ನಿವೃತ್ತರಿಂದ, ನಿವೃತ್ತಿಗೆ ಒಂದು ವರ್ಷದೊಳಗೆ ಇರುವವರಿಂದ, ಐದು ವರ್ಷಕ್ಕೂ ಜಾಸ್ತಿ ಕಾಲ ಕೊಟ್ಟ ಹಣವನ್ನು ಹೀಗೆ ವಸೂಲಿ ಮಾಡಬಾರದು ಅಂತ 2014ರ ರಫೀಕ್ ಮಸೀಹ್ ತೀರ್ಪು ಹೇಳುತ್ತದೆ. ಆದರೆ "ಜಾಸ್ತಿ ಪಾವತಿಯಾಗಿದ್ದರೆ ಹಿಂತಿರುಗಿಸುತ್ತೇನೆ" ಅಂತ ಮುಚ್ಚಳಿಕೆ ಬರೆದುಕೊಟ್ಟಿದ್ದರೆ ವಸೂಲಿ ಮಾಡಬಹುದು ಅಂತ 2016ರ ಇನ್ನೊಂದು ತೀರ್ಪು ಬಂದಿದೆ. ವೇತನ ನಿಗದಿಯ ದಿನ ಕ್ಲರ್ಕ್ ಕೊಟ್ಟ ಐದಾರು ಹಾಳೆಗೆ ಓದದೆ ಸಹಿ ಹಾಕುತ್ತೀವಲ್ಲ, ಆ ಮುಚ್ಚಳಿಕೆ ಅದರಲ್ಲೇ ಇರುತ್ತದೆ.

ಎಲ್ಲ ದೇಶದಲ್ಲೂ ಹೀಗೇ ಇಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಶಿಕ್ಷಕರ ಒಪ್ಪಂದದಲ್ಲಿ ಸಂಬಳದ ಜೊತೆಗೆ ಒಂದು ತರಗತಿಯಲ್ಲಿ ಎಷ್ಟು ಮಕ್ಕಳಿರಬೇಕು ಅನ್ನೋದೂ ಇತ್ತು. 2002ರಲ್ಲಿ ಅಲ್ಲಿನ ಸರ್ಕಾರ ಕಾನೂನು ಮಾಡಿ ಆ ಸಾಲುಗಳನ್ನು ಅಳಿಸಿಹಾಕಿತು. ಶಿಕ್ಷಕರ ಸಂಘ 14 ವರ್ಷ ಕೇಸು ನಡೆಸಿತು. 2016ರ ನವೆಂಬರ್ 10ರಂದು ಕೆನಡಾದ ಸುಪ್ರೀಂ ಕೋರ್ಟು ವಾದ ಕೇಳಿದ ದಿನವೇ ಶಿಕ್ಷಕರ ಪರ ತೀರ್ಪು ಕೊಟ್ಟಿತು. ಸಾವಿರಾರು ಹೊಸ ಶಿಕ್ಷಕರನ್ನು ನೇಮಿಸಬೇಕಾಯಿತು. ಅಲ್ಲಿ ಸಂಘ ಕಟ್ಟುವ ಸ್ವಾತಂತ್ರ್ಯದೊಳಗೆ ಒಟ್ಟಾಗಿ ಚೌಕಾಸಿ ಮಾಡುವ ಹಕ್ಕೂ ಸೇರಿದೆ ಅಂತ 2007ರಲ್ಲೇ ಕೋರ್ಟು ಒಪ್ಪಿತ್ತು. ನಮ್ಮಲ್ಲಿ ಸಂವಿಧಾನದ 19(1)(ಸಿ) ಸಂಘ ಕಟ್ಟುವ ಹಕ್ಕು ಕೊಡುತ್ತದೆ. ಆದರೆ ಅದರೊಳಗೆ ಪರಿಣಾಮಕಾರಿ ಚೌಕಾಸಿಯ ಹಕ್ಕಾಗಲಿ ಮುಷ್ಕರದ ಹಕ್ಕಾಗಲಿ ಇಲ್ಲ ಅಂತ 1961ರ ಬ್ಯಾಂಕ್ ನೌಕರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಎರಡು ದೇಶಗಳ ಶಿಕ್ಷಕರ ನಡುವಿನ ವ್ಯತ್ಯಾಸ ಇಷ್ಟರಲ್ಲೇ ಇದೆ.

ಈಗ ಮತ್ತೆ ನನ್ನ ಟೇಬಲ್‌ಗೆ ಬರುತ್ತೇನೆ.

ಸಂಬಳದ ಬಾಕಿಗೆ ದಾವೆ ಹೂಡಲು ಕಾಲಮಿತಿ ಕಾಯ್ದೆಯ ಪ್ರಕಾರ ಮೂರು ವರ್ಷ ಸಮಯ. ಒಟ್ಟು ಬಾಕಿಗೆ ಒಂದೇ ಗಡುವು ಅಲ್ಲ. ಪ್ರತಿ ತಿಂಗಳ ಸಂಬಳಕ್ಕೂ ಅದರದೇ ಗಡುವು. 2023ರ ಜೂನ್ ತಿಂಗಳ ಬಾಕಿಯ ಗಡುವು 2026ರ ಜುಲೈ ಹೊತ್ತಿಗೆ ಮುಗಿಯುತ್ತದೆ. ಆಮೇಲೆ ತಿಂಗಳಿಗೊಂದರಂತೆ ಕೈತಪ್ಪುತ್ತಾ ಹೋಗುತ್ತವೆ. ಇದನ್ನು ಹೇಳಿದಾಗ ಅವಳ ಮುಖ ಸಣ್ಣದಾಯಿತು.

ಅವಳು ಪಕ್ಕಕ್ಕೆ ಸರಿಸಿದ್ದ ಆ ಸುತ್ತೋಲೆಯನ್ನು ನಾನು ತೆಗೆದು ಓದಿದೆ. ಸಂಸ್ಥೆಯ ಲೆಟರ್‌ಹೆಡ್. ಕೆಳಗೆ ಕಾರ್ಯದರ್ಶಿಯ ಸಹಿ, ದಿನಾಂಕ 2024ರ ಆಗಸ್ಟ್. ಮೂರೇ ಸಾಲು: "2022ರ ಒಪ್ಪಂದದಂತೆ ಶಿಕ್ಷಕರಿಗೆ ನೀಡಬೇಕಾಗಿರುವ ವೇತನ ಬಾಕಿಯನ್ನು ಸದ್ಯಕ್ಕೆ ಪಾವತಿಸಲು ಸಾಧ್ಯವಾಗುತ್ತಿಲ್ಲ. ಹಂತ ಹಂತವಾಗಿ ಪಾವತಿಸಲಾಗುವುದು. ಎಲ್ಲರೂ ಸಹಕರಿಸಬೇಕು."

"ಇದನ್ನ ಯಾಕೆ ಬಿಡು ಅಂದೆಯಮ್ಮ?" ಅಂದೆ.

ಕಾಲಮಿತಿ ಕಾಯ್ದೆಯ ಕಲಂ 18 ಹೀಗನ್ನುತ್ತದೆ: ಗಡುವು ಮುಗಿಯುವ ಮುಂಚೆ ಕೊಡಬೇಕಾದವನು ಬಾಕಿ ಇದೆ ಅಂತ ಬರೆದು ಸಹಿ ಹಾಕಿದರೆ, ಆ ದಿನದಿಂದ ಹೊಸದಾಗಿ ಲೆಕ್ಕ ಶುರು. ಈಗ ಕೊಡಲು ಆಗುವುದಿಲ್ಲ ಅಂತ ಅದೇ ಕಾಗದದಲ್ಲಿ ಬರೆದಿದ್ದರೂ ಪರವಾಗಿಲ್ಲ. ಅಂದರೆ 2024ರ ಆಗಸ್ಟ್‌ವರೆಗಿನ ಎಲ್ಲ ಬಾಕಿಗೂ 2027ರ ಆಗಸ್ಟ್‌ವರೆಗೆ ಸಮಯ ಇದೆ. ಜೊತೆಗೆ "ನೀಡಬೇಕಾಗಿರುವ" ಅನ್ನೋ ಒಂದು ಪದ. ಆರ್ಥಿಕ ಸ್ಥಿತಿ ಸರಿ ಇಲ್ಲದ್ದರಿಂದ ಕೊಡಬೇಕಾಗಿಯೇ ಇಲ್ಲ ಅನ್ನೋ ವಾದಕ್ಕೆ ಅವರ ಸಹಿಯೇ ಉತ್ತರ.

ಅವಳು ಆ ಹಾಳೆಯನ್ನು ಎರಡು ಸಲ ಓದಿದಳು. ಆಮೇಲೆ ಫೋನ್ ತೆಗೆದು ಫೋಟೊ ಹೊಡೆದುಕೊಂಡಳು. ಸೆಲ್ಲೋಟೇಪ್ ಹಚ್ಚಿದ ಬಾಂಡ್ ಪೇಪರಿನ ಜೊತೆಗೇ ಅದನ್ನೂ ಫೈಲಿಗೆ ಸೇರಿಸಿ, ಹಿಂದಿ ಟೀಚರ್ ಮನೆಗೆ ನೋಟ್‌ಬುಕ್ ತರಲು ಹೊರಟಳು.